ಅಪ್ಪ ಮಡಿಕೇರಿ ನೋಡಲು ಹೊರಟ ದಿನ

ಹುಣಸೂರಿನಲ್ಲಿ ಅಪ್ಪ ಎತ್ತಿನಗಾಡಿಯ ಚಕ್ರ ಮಾಡುತ್ತಿದ್ದ. ಕೊಡಗಿನಿಂದ ಕಾಫಿ ಹೊತ್ತು ಇಳಿಯುತ್ತಿದ್ದ ಗಾಡಿಗಳಲ್ಲಿ ಅವನು ಮಾಡಿದ ಚಕ್ರಗಳು ಎಷ್ಟಿದ್ದವೋ. ಗಾಡಿಯವರು ಅಪ್ಪ ಕೆಲಸ ಮಾಡುವ ಕೊಟ್ಟಿಗೆಯ ಮುಂದೆ ಕೂತು ಮಡಿಕೇರಿಯ ಚಳಿ, ಏರು, ಮಂಜಿನ ಸುದ್ದಿ ಹೇಳುವರು. ಅಪ್ಪ ಕೆಲಸ ನಿಲ್ಲಿಸದೆ ಕೇಳುವನು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು. ಐವತ್ತು ದಾಟಿದರೂ ಅಪ್ಪ ಅಲ್ಲಿಗೆ ಹೋಗಿರಲಿಲ್ಲ. ಬಿಡುವಿರಲಿಲ್ಲ.

ಬಿಡುವು ಸಿಕ್ಕಿದ್ದು ಕಣ್ಣು ಹೋಗತೊಡಗಿದ ಮೇಲೆ. ಮೊದಲು ಉಳಿ ಜಾರಿ ಹೆಬ್ಬೆರಳು ಕುಯ್ದುಕೊಂಡ. ಆಮೇಲೆ ಒಬ್ಬ ಗಾಡಿಯವನು ಹೊಸ ಚಕ್ರ ವಾಲಾಡುತ್ತದೆಂದು ವಾಪಸು ತಂದು ಬಾಗಿಲಲ್ಲಿ ಒರಗಿಸಿ ಹೋದ. ಮೈಸೂರಿನ ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದೂ ಬಹಳ ದಿನ ನಿಲ್ಲುವುದಿಲ್ಲ ಎಂದರು. ಹೊರಗೆ ಬಂದು ಅಪ್ಪ ಹೇಳಿದ್ದು ಇಷ್ಟು: "ಪೈಪಿನೊಳಗೆ ಬಗ್ಗಿ ನೋಡ್ದಂಗೆ ಕಾಣ್ತದೆ ಕಣವ್ವ. ಆ ತೂತೂ ಚಿಕ್ಕದಾಯ್ತಾ ಅದೆ."

ಮರುವಾರವೇ "ಮಡಿಕೇರಿ ನೋಡ್ಕಂಡ್ ಬರಾನ, ನಡಿ" ಎಂದ. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಟೀಚರ್ ಟ್ರೈನಿಂಗಿನ ಕಾಗದಕ್ಕೆ ಕಾಯುತ್ತಿದ್ದೆ. ಅವ್ವ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು.

ಪಿರಿಯಾಪಟ್ಟಣ ದಾಟುವವರೆಗೂ ಅಪ್ಪ ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಕುಶಾಲನಗರ ಕಳೆದು ಏರು ಶುರುವಾದಾಗ, "ಎತ್ತುಗೋಳಿಗೆ ಇಲ್ಲೇ ಬಾಯಲ್ಲಿ ನೊರೆ ಬತ್ತಿತ್ತಂತೆ" ಎಂದ.

ಬಸ್ಸಿಳಿದು ಅವನು ಕೋಲೂ ಹಿಡಿಯಲಿಲ್ಲ, ನನ್ನ ಕೈಯನ್ನೂ ಹಿಡಿಯಲಿಲ್ಲ. ಕಡಿದಾದ ಬೀದಿಗಳಲ್ಲಿ ನನಗಿಂತ ಮುಂದೆ ಏರಿದ. ಎದುರು ಬಂದವರಿಗೆ ಭುಜ ತಾಗಿಸಿ ಬೈಸಿಕೊಂಡ. ಒಂದು ಮಲೆಯಾಳಿ ಚಾ ಅಂಗಡಿಯಲ್ಲಿ ಲೋಟ ಎಲ್ಲಿದೆಯೆಂದು ಬೆರಳಲ್ಲಿ ತಡಕಾಡಿದ. ಅಂಗಡಿಯವನು ಏನೂ ಕೇಳದೆ ಲೋಟವನ್ನು ಅವನ ಕೈಗಿಟ್ಟ. ಕೋಟೆಯೊಳಗೆ ಗಾರೆಯ ಆನೆಗಳೆರಡು ನಿಂತಿವೆ. ಅಪ್ಪ ಒಂದರ ಕಾಲು, ಹೊಟ್ಟೆ, ಸೊಂಡಿಲು ಎಲ್ಲ ಸವರಿದ. "ಒಳ್ಳೇ ಕೆಲ್ಸಗಾರ. ಎಲ್ಲೂ ಅವಸರ ಮಾಡಿಲ್ಲ" ಎಂದು ನಕ್ಕ. ಆ ದಿನ ಅವನು ನಕ್ಕದ್ದು ಆಗೊಮ್ಮೆಯೇ.

ಅಲ್ಲಿಂದ ರಾಜಾಸೀಟಿಗೆ ನಡೆದೆವು. ಕಣಿವೆ ತುಂಬ ಮಂಜು. ಕಲ್ಲುಬೆಂಚಿನ ಮೇಲೆ ಕೂತು ಅಪ್ಪ ಬಹಳ ಹೊತ್ತು ಎದುರಿಗೆ ನೋಡಿದ.

"ನಿಂಗೂ ಏನೂ ಕಾಣಾಕಿಲ್ವಾ?"

"ಇಲ್ಲ ಕಣಪ್ಪ. ಬರೀ ಮಂಜು."

ಅವನ ಹೆಗಲು ಸಡಿಲವಾಯಿತು. "ಅಂಗಾರೆ ಕಾಯಾನ" ಎಂದ.

ರೊಟ್ಟಿ ತಿಂದು ಮುಗಿಯುವಷ್ಟರಲ್ಲಿ ಮಂಜು ಹರಿಯತೊಡಗಿತು. ಒಂದು ಬೆಟ್ಟದ ಬೆನ್ನು ಕಂಡಿತು, ಅದರ ಹಿಂದೆ ಇನ್ನೊಂದು, ಕೆಳಗೆ ಹಸಿರು ಗದ್ದೆ, ದಾರದ ಹಾಗೆ ರಸ್ತೆ. ಅಷ್ಟು ಚೆಂದದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಬಾಯಿ ತೆರೆದವಳು ಅಪ್ಪನ ಕಡೆ ತಿರುಗಿ ಸುಮ್ಮನಾದೆ. ಅವನು ಹಾಗೆಯೇ ನೋಡುತ್ತಿದ್ದ.

"ಮಂಜು ಇನ್ನೂ ಅದಾ?"

"ಅದೆ ಕಣಪ್ಪ."

ಅಪ್ಪ ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ. ಮೆಲ್ಲಗೆ ಹೇಳಿದ: "ಅಂಗೈ ಮ್ಯಾಗೆ ಬಿಸ್ಲು ಬಿದ್ದದಲ್ಲವ್ವ."

ನಾನು ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಮಡಚತೊಡಗಿದೆ.

"ಏನೇನ್ ಕಾಣ್ತದೆ, ಯೋಳು."

"ಬೆಟ್ಟ."

"ಆಮೇಕೆ?"

"ಅದ್ರ ಹಿಂದೆ ಇನ್ನೊಂದು ಬೆಟ್ಟ. ಗದ್ದೆ. ರೋಡು."

"ರೋಡಲ್ಲಿ ಗಾಡಿ ಅವಾ?"

"ಲಾರಿ ಒಂದು ಹತ್ತುತಾ ಅದೆ."

ಅವನು ಎದ್ದುಬಿಟ್ಟ. ಮೆಟ್ಟಿಲು ಇಳಿಯುವಾಗ ಕೈ ಕೊಡಲು ಹೋದೆ, ಕೊಡವಿಕೊಂಡ. ಮೂರನೆಯ ಮೆಟ್ಟಿಲಿಗೆ ಕಾಲು ತಪ್ಪಿ ಬಿದ್ದು ಮೊಣಕೈ ಕೆತ್ತಿಹೋಯಿತು. ತಿರುಗಾಡಲು ಬಂದವರು ಓಡಿಬಂದು ಎತ್ತಿ ಕೂರಿಸಿದರು. ಯಾರೋ ಕುಡಿದಿದ್ದಾನೆ ಎಂದದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಅವರೆಲ್ಲ ಹೋದ ಮೇಲೆ ಅಪ್ಪ ಮುಖ ಮುಚ್ಚಿಕೊಂಡು ಅತ್ತ. ಅವನು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಾಳಿಂದ ನಾನೇನ್ ಮಾಡ್ಲಿ, ಮಗ? ಎದ್ದು ಏನ್ ಮಾಡ್ಲಿ?"

ನಾನಿದ್ದೀನಿ ಎನ್ನಬಹುದಿತ್ತು. ಸೆರಗು ಹರಿದು ಮೊಣಕೈಗೆ ಕಟ್ಟಿದೆ. ಬಸ್‌ಸ್ಟ್ಯಾಂಡಿನವರೆಗೆ ನನ್ನ ಹೆಗಲು ಹಿಡಿದು ಬಂದ. ದಾರಿಯುದ್ದಕ್ಕೂ ಕಿಟಕಿಯ ಸೀಟಿನಲ್ಲಿ ನನ್ನನ್ನೇ ಕೂರಿಸಿದ.

ಟ್ರೈನಿಂಗ್ ಮುಗಿದು ಹಂಪಾಪುರದ ಶಾಲೆಗೆ ನನ್ನನ್ನು ಹಾಕುವ ಹೊತ್ತಿಗೆ ಅವನಿಗೆ ಹಗಲೇನು, ರಾತ್ರಿಯೇನು ಎಲ್ಲ ಒಂದೇ ಆಗಿತ್ತು. ಕೊಟ್ಟಿಗೆಯನ್ನು ಸೈಕಲ್ ರಿಪೇರಿಯವನಿಗೆ ಬಿಟ್ಟುಕೊಟ್ಟಿದ್ದೆವು. ಶನಿವಾರ ನಾನು ಮನೆಗೆ ಬಂದು ಶಾಲೆಯ ಸುದ್ದಿ ಶುರುಮಾಡಿದರೆ, "ಈಗ ಬುಡವ್ವ" ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಅವ್ವ ಊಟದ ತಟ್ಟೆ ತಂದು ಅವನ ಬೆನ್ನ ಹಿಂದೆ ಇಟ್ಟು ಕಾಯುತ್ತ ಕೂರುವಳು. ಅಪ್ಪ ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ ಹೀಗೇ ಕಳೆದವು.