ಚೆಂಡೆಸೆಯುವ ಕೈ, ಕಾಶೆಪ್ಪನವರ ಕಣ್ಣು

ಉಮರ್ಗಾದ ಶಾಲಾ ಮೈದಾನಕ್ಕೆ ಅರುಣೋದಯದ ಕೆಂಪು ಈಗಷ್ಟೇ ಇಳಿಯುತ್ತಿದೆ. ಸುಣ್ಣದ ಗೆರೆ ಎಳೆದು ಮುಗಿಸಿದ ಕಾಶೆಪ್ಪನವರು ಕೈ ತೊಳೆದು, ಮೂಡಣಕ್ಕೆ ಕೈಮುಗಿದು, ಹಣೆಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿಕೊಳ್ಳುತ್ತಾರೆ. ಅನಂತರ, ಬ್ಯಾಟು ಹಿಡಿದವರು ನಿಲ್ಲುವ ಜಾಗದಲ್ಲಿ ಬರಿಗೈಯಲ್ಲಿ ನಿಂತು, ಎದುರಿನ ಮಣ್ಣದಿಬ್ಬದತ್ತ ದೃಷ್ಟಿ ನೆಡುತ್ತಾರೆ. ಚೆಂಡೆಸೆಯುವ ಪಿಚರ್ ನಿಲ್ಲುವುದು ಅಲ್ಲಿ. ಇಂದು ಜಿಲ್ಲೆಯ ಶಾಲಾ ಬಾಲಕಿಯರ ಬೇಸ್‌ಬಾಲ್ ಅಂತಿಮ ಪಂದ್ಯ. ದಾಳಿಂಬದ ತಂಡಕ್ಕೆ ಲೋಹಾರಾದ ತಂಡ ಎದುರಾಳಿ. ಗೆದ್ದವರಿಗೆ ಲಾತೂರಿನ ವಿಭಾಗೀಯ ಪಂದ್ಯಾವಳಿಯ ಬಾಗಿಲು ತೆರೆಯುತ್ತದೆ. ಕಾಶೆಪ್ಪನವರು ಅಂಪೈರ್.

ಆಟಕ್ಕೆ ಮುನ್ನ ಪಿಚರುಗಳನ್ನು ದಿಬ್ಬಕ್ಕೆ ಕರೆದು, ಚೆಂಡಿಲ್ಲದೆ ಕೈ ಬೀಸಿಸುವುದು ಅವರ ಪದ್ಧತಿ. ಬಳೆ, ಗಡಿಯಾರ, ಬಿಳಿ ಪಟ್ಟಿ, ಜೋಲುವ ದಾರ: ಕಣ್ಣು ಸೆಳೆಯುವ ಯಾವುದೂ ಆ ಕೈಯಲ್ಲಿ ಉಳಿಯುವಂತಿಲ್ಲ.

"ಬ್ಯಾಟ್ ಹಿಡದಕಿ ಕಣ್ಣು ಚೆಂಡಿನ ಮ್ಯಾಲ ಇರಬೇಕ್ರೀ. ಬಳಿ ಮ್ಯಾಲ ಹೋಯ್ತಂದ್ರ ಆಟ ಅಲ್ಲೇ ಖಲಾಸ್" ಎನ್ನುತ್ತಾರೆ ಅವರು. ತೆಗೆದಿಟ್ಟರೆ ಶಿಕ್ಷೆಯಿಲ್ಲ, ತೆಗೆಯದಿದ್ದರೆ ದಿಬ್ಬವಿಲ್ಲ. ಆದರೆ ದೂರದಿಂದ ಕೂಗಿ ಹೇಳುವುದು ಅವರ ಜಾಯಮಾನವಲ್ಲ. "ಹತ್ತು ಮಂದಿ ಮುಂದ ಪೋರಿ ಮಾರಿ ಸಣ್ಣದಾಗಬಾರದು."

ಕುರಿ ಸಾಕುವ ಮನೆತನದ ಕಾಶೆಪ್ಪನವರು ಶಾಲೆಯ ದಿನಗಳಲ್ಲಿ ಬ್ಯಾಟಿನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವರು. ಅಂದು ಮುರಿದ ಬೆರಳು ಇಂದಿಗೂ ಸೊಟ್ಟಗಿದೆ. ಬಾಗಿ ನಿಂತು ನಿಂತು ಮೊಣಕಾಲೂ ಸವೆದಿದೆ. ಸೋಯಾಬೀನ್ ರಾಶಿ ಮುಗಿದೊಡನೆ ಮುಖಕವಚವನ್ನು ತೊಡೆಯ ಮೇಲಿಟ್ಟುಕೊಂಡು, ಶೇರ್ ಆಟೋದಲ್ಲಿ ಇಂದು ನಿಲಂಗಾ, ನಾಳೆ ಉದಗೀರ. ಸೋತ ಊರಿನ ಬೈಗುಳ ಹೋದಲ್ಲೆಲ್ಲ ತಪ್ಪದು. "ಕುರಿ ಎಣಸೋದು ಬಿಟ್ಟು ಪೋರೀರ ಬಳಿ ಎಣಸಾಕ ಹೋಗ್ಯಾನ" ಎಂದು ಮಡದಿ ಜಗದೇವಿ ನೆರೆಯವರೊಡನೆ ನಗುತ್ತಾರೆ.

ಈ ಬೆಳಿಗ್ಗೆ ದಾಳಿಂಬದ ಸೋನಾಲಿ ಕೈ ಬೀಸುತ್ತಾಳೆ. ಮಣಿಕಟ್ಟಿನಲ್ಲಿ ಕರಿಯ ಉಣ್ಣೆಯ ಕಂಕಣ. ಅದಕ್ಕೆ ಕಟ್ಟಿದ ಅರಿಷಿಣ ಕೊಂಬು ಬಿಸಿಲಿಗೆ ಹೊಳೆಯುತ್ತದೆ. ಬೀರಪ್ಪನ ಪಾಲಕಿ ಊರಿಗೆ ಬರುವ ತನಕ ಬಿಚ್ಚಬಾರದೆಂದು ಅಜ್ಜಿ ಪ್ರಯಾಗಬಾಯಿ ಕಟ್ಟಿದ ಹರಕೆಯ ಕಂಕಣವದು. ಕಾಶೆಪ್ಪನವರ ಮನೆದೇವರೂ ಬೀರಪ್ಪನೇ. ದಾಳಿಂಬಕ್ಕೆ ಸೋನಾಲಿಯ ಹೊರತು ಬೇರೆ ಪಿಚರ್ ಇಲ್ಲ.

ಲೋಹಾರಾದ ತರಬೇತುದಾರೆ ವಿದ್ಯಾವತಿ ಹತ್ತಿರ ಬರುತ್ತಾರೆ. "ಕಾಶೆಪ್ಪರೇ, ನಿಮ್ಮ ದೇವರದು ಅಂತ ಬಿಟ್ಟುಗಿಟ್ಟೀರಿ ಮತ್ತ."

"ಬಿಡಂಗಿಲ್ಲ, ಬಾಯಾರೇ" ಎಂದು ಅವರು ದಿಬ್ಬಕ್ಕೆ ನಡೆಯುತ್ತಾರೆ.

"ಕಾಕಾ, ಇದು ಬಿಚ್ಚಿದ್ರ ಆಯಿ ನನ್ನ ಮನ್ಯಾಗ ಕರಕೊಳ್ಳಂಗಿಲ್ಲ." ಸೋನಾಲಿಯ ಕಣ್ಣು ತುಂಬಿದೆ.

"ಮೈದಾನದಾಗ ಕಾಕಾ ಅಲ್ಲ, ಸರ್ ಅನ್ನವ್ವ. ನಡಿ, ಆಯೀನ್ನೇ ಕೇಳೂಣು."

ಬೇವಿನ ನೆರಳಲ್ಲಿ ಕುಳಿತ ಪ್ರಯಾಗಬಾಯಿ ಮಾತು ಕೇಳಿದೊಡನೆ ಎದ್ದು ನಿಲ್ಲುತ್ತಾರೆ. "ಹಣಿ ತುಂಬ ಭಂಡಾರ ಬಡಕೊಂಡು ಬಂದೀದಿ, ದೇವರ ಕಂಕಣ ಬಿಚ್ಚಂತೀ? ನಾಚಿಕಿ ಬರಂಗಿಲ್ಲೇನೋ?"

ಕಾಶೆಪ್ಪನವರು ತಾಳ್ಮೆಗೆಡದೆ ಒಂದೇ ಮಾತು ಕೇಳುತ್ತಾರೆ. "ಆಯಿ, ಕುರಿ ಉಣ್ಣಿ ಕತ್ತರಸೋ ದಿನ ನಮ್ಮ ಗಂಡಸೂರ ಕಂಕಣ ಎಲ್ಲಿರತದ?"

"ಕತ್ತರಿ ಹಿಡದ ಕೈಯಾಗ ಇರಂಗಿಲ್ಲ. ಉಣ್ಣ್ಯಾಗ ಸಿಗತದಂತ ನಡಕ್ಕ ಕಟ್ಟಕೋತಾರ."

"ಬೀರಪ್ಪ ಸಿಟ್ಟಾಗ್ಯಾನೇನು?"

"ಥೂ! ಕುರಿ ಕತ್ತರಸೋದು, ಚೆಂಡ ಒಗಿಯೋದು ಎರಡೂ ಒಂದೇ ಏನೋ?"

"ಆಕಿಗಿ ಇದೂ ಕೆಲಸನೇ, ಆಯಿ. ಅದ್ರ ಸಲುವಾಗಿ ರಾತ್ರಿ ನಿದ್ದಿ ಮಾಡಿಲ್ಲಂತ."

ಪ್ರಯಾಗಬಾಯಿ ಮೊಮ್ಮಗಳ ಮುಖವನ್ನು ನೋಡುತ್ತಾರೆ. ಬಳಿಕ ಬೀರಪ್ಪನನ್ನು ನೆನೆದು, ಕಟ್ಟಿದ ಕೈಯಿಂದಲೇ ಗಂಟು ಸಡಿಲಿಸಿ, ನೆಲಕ್ಕೆ ತಾಗಗೊಡದೆ ಅಂಗಿಯ ಒಳಗೆ ಸೊಂಟಕ್ಕೆ ಕಟ್ಟುತ್ತಾರೆ. ಮೈದಾನಕ್ಕೆ ಓಡಹೊರಟ ಹುಡುಗಿಯನ್ನು ಅಂಪೈರರು ತಡೆಯುತ್ತಾರೆ. "ಕೈ ತೊಳಕೊ ಮೊದಲ. ಅರಿಷಿಣ ಚೆಂಡಿಗಿ ಹತ್ತಿದ್ರ ಅದೂ ತಪ್ಪೇ."

ಮತ್ತೊಮ್ಮೆ ಬರಿಗೈ ಬೀಸಿಸಿ ನೋಡಿ, ವಿದ್ಯಾವತಿಯವರತ್ತ ತಿರುಗುತ್ತಾರೆ. "ಬರೋಬರ್ ಅದ" ಎಂದು ಆಕೆ ತಲೆಯಾಡಿಸಿದ ಮೇಲೆಯೇ ಆಟ ಆರಂಭ.

ಸೋನಾಲಿಯ ಮೊದಲ ಚೆಂಡಿಗೆ ಕಾಶೆಪ್ಪನವರ ಬಲಗೈ ಮೇಲೇಳುತ್ತದೆ: ಸ್ಟ್ರೈಕ್, ಸರಿಯಾದ ಎಸೆತ. ಕೊನೆಯ ಸರದಿಯಲ್ಲಿ ಅವಳ ನಾಲ್ಕನೆಯ ಚೆಂಡೂ ಕೂದಲೆಳೆಯಷ್ಟು ಹೊರಗೆ ಹೋದಾಗ ಅದೇ ಕೈ ಕದಲುವುದಿಲ್ಲ; ಲೋಹಾರಾದ ಹುಡುಗಿ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯುತ್ತಾಳೆ. "ಕಣ್ಣಿಗಿ ಭಂಡಾರ ಬಿದ್ದದೇನೋ ನಿಂಗ!" ಎಂದು ಬೇವಿನ ನೆರಳಿನಿಂದ ಪ್ರಯಾಗಬಾಯಿ ಅಬ್ಬರಿಸುತ್ತಾರೆ. ಕಾಶೆಪ್ಪನವರು ತಿರುಗಿಯೂ ನೋಡುವುದಿಲ್ಲ. ಆದರೂ ಒಂದು ರನ್ನಿನಿಂದ ದಾಳಿಂಬ ಗೆಲ್ಲುತ್ತದೆ. ವಿದ್ಯಾವತಿ ತಾವಾಗಿಯೇ ಬಂದು ಅಂಪೈರರಿಗೆ ನಮಸ್ಕರಿಸಿ ಹೋಗುತ್ತಾರೆ.

ಜನ ಚದುರಿದ ಮೇಲೆ ಪ್ರಯಾಗಬಾಯಿ ಕಾಶೆಪ್ಪನವರ ಬರಿಯ ಮಣಿಕಟ್ಟನ್ನು ಹಿಡಿದು ನೋಡುತ್ತಾರೆ. "ನಿಂದು ಎಲ್ಲದೋ? ನಿಮ್ಮವ್ವ ಕಟ್ಟಿಲ್ಲೇನು?"

ಕಾಶೆಪ್ಪನವರು ಅಂಗಿಯ ಅಂಚು ಸರಿಸುತ್ತಾರೆ. ಚೆಂಡಿನ ಚೀಲ ತೂಗುವ ಪಟ್ಟಿಯ ಕೆಳಗೆ, ಸೊಂಟದಲ್ಲಿ, ಬೆವರಿಗೆ ತೊಯ್ದ ಕರಿಯ ಉಣ್ಣೆಯ ದಾರ.

"ಅಂಪೈರ್ ಕೈ ಯಾರೂ ನೋಡಂಗಿಲ್ಲ, ಆಯಿ. ನಮಗ ಕಾಯ್ದಾನೂ ಇಲ್ಲ. ಆದ್ರ ನಾ ಕೈಯಾಗ ಕಟ್ಟಕೊಂಡು, ಪೋರೀರಿಗಿ ಬಿಚ್ಚು ಅಂತ ಹ್ಯಾಂಗ ಹೇಳ್ಲಿ?"