ನೀರು ನಡೆದು ಬರುವ ಹೊತ್ತು

“ಒಂದು ಪ್ರಶ್ನಿ ಕೇಳ್ರಿ ಅಕ್ಕೋರ, ನನ್ನ ಎದುರಿಗೆ ಕೇಳ್ರಿ. ಆಕಿ ಉತ್ತರ ಹೇಳಿದ್ರ ಹೈಸ್ಕೂಲಿಗೆ ಕಳಸ್ತೇನಿ. ಹೇಳಲಿಲ್ಲಂದ್ರ ನೀವೂ ಒತ್ತಾಯ ಮಾಡಬ್ಯಾಡ್ರಿ.”

ನಿಡಗುಂದಿ ಹತ್ತಿರದ ನಮ್ಮ ಶಾಲೆಯ ಕಟ್ಟೆಯ ಮೇಲೆ ಕೂತು ರೈತರೊಬ್ಬರು ತಮ್ಮ ಮಗಳ ಬಗ್ಗೆ ಹೀಗೆ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಲ್ಲಿ ಏಳನೆಯ ತರಗತಿವರೆಗೆ ಮಾತ್ರ ಇದೆ. ಮುಂದೆ ಓದಬೇಕೆಂದರೆ ಬಸ್ಸು ಹತ್ತಿ ನಿಡಗುಂದಿಗೆ ಹೋಗಬೇಕು. ಅವರ ಮಗಳು ಏಳನೆಯಲ್ಲಿದ್ದಳು, ಮತ್ತು ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

“ಪ್ರಶ್ನೆ ಕೇಳೋದು ಕಲಿಸಾಕ್ರಿ, ಪಂಚಾಯ್ತಿ ಮಾಡಾಕಲ್ಲ” ಎಂದೆ.

“ಸಾಲ್ಯಾಗ ಬಾಯಿ ಬಿಡಂಗಿಲ್ಲ ಅಂತ ಪಾಲಕರ ಸಭಾದಾಗ ನೀವ ಹೇಳಿದ್ರಿ. ಮನ್ಯಾಗೂ ಅಷ್ಟರಿ. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆಗೇತಿ. ಹೈಸ್ಕೂಲಿಗೆ ಹೋಗಿ ಏನ ಮಾಡ್ಯಾಳು?”

ನಾನೇ ಆಡಿದ ಮಾತು ನನ್ನ ಕಾಲಿಗೇ ತೊಡರಿಕೊಂಡಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಮಗಳು ಅಷ್ಟು ದೂರ ಹೋಗಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಬೇಡ ಎಂಬ ಸಂಕಟವೂ ಆ ದನಿಯಲ್ಲಿತ್ತು. “ನಾಳೆ ಬರ್ರಿ” ಎಂದುಬಿಟ್ಟೆ. ನನ್ನ ನಾಲಿಗೆ ಯಾವಾಗಲೂ ನನ್ನ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ. ತಾಳಿದವನು ಬಾಳಿಯಾನು ಎಂದು ನನ್ನ ತಾಯಿ ಹೇಳಿ ಹೇಳಿ ಸೋತಿದ್ದಾಳೆ.

ನಾನು ತಾಂಬಾ ಕಡೆಯವಳು, ಬಾವಿ, ಬೋರು ನೋಡಿ ಬೆಳೆದವಳು. ಕಾಲುವೆಯ ಪಾಳಿ ಅಂದರೆ ಏನು ಎಂದು ತಿಳಿದದ್ದು ಈ ಊರಿಗೆ ಬಂದ ಮೇಲೆ. ಒಂದು ತೂಬಿನ ಕೆಳಗಿನ ಹೊಲಗಳಿಗೆಲ್ಲ ನೀರಿನ ಸರದಿ ಇರುತ್ತದೆ. ಒಬ್ಬನ ಪಾಳಿಯಲ್ಲಿ ಇನ್ನೊಬ್ಬ ಒಡ್ಡು ಒಡೆದು ನೀರು ತಿರುಗಿಸಿಕೊಂಡರೆ ಮುಗಿಯಿತು, ವರ್ಷಗಟ್ಟಲೆ ಮಾತು ಬಿಡುತ್ತಾರೆ. ಅಪ್ಪಂದಿರ ಇಂಥದೊಂದು ಜಗಳ ಒಮ್ಮೆ ನನ್ನ ತರಗತಿಯೊಳಗೇ ಬಂದು ಇಬ್ಬರು ಮಕ್ಕಳು ಕೈಕೈ ಮಿಲಾಯಿಸಿದರು. ಬಿಡಿಸುವಾಗ ನನಗೆ ಹೊಳೆಯಿತು: ತರಗತಿಯಲ್ಲೂ ನಡೆಯುವುದು ಇದೇ. ನಾನು ಪ್ರಶ್ನೆ ಬಿಟ್ಟ ಕೂಡಲೇ ಮುಂದಿನ ಬೆಂಚು ಕುಡಿದುಬಿಡುತ್ತದೆ, ಹಿಂದಿನವರಿಗೆ ಹನಿಯೂ ಮುಟ್ಟುವುದಿಲ್ಲ.

ಅಂದಿನಿಂದ ಪ್ರಶ್ನೆಗೂ ಪಾಳಿ ಹಚ್ಚಿದೆ. ಯಾರ ಪಾಳಿಯೋ ಅವರೇ ಉತ್ತರಿಸಬೇಕು. ಅವರು ಬಾಯಿ ತೆರೆಯುವತನಕ ಯಾರೂ ಪಿಟಿಕ್ಕೆನ್ನಬಾರದು. ಗೊತ್ತಿಲ್ಲವಾದರೆ ‘ಗೊತ್ತಿಲ್ಲ’ ಎಂದು ಹೇಳಬೇಕು, ಅದಕ್ಕೆ ನಗುವಂತಿಲ್ಲ. ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಪಾಳಿ ಒಡೆಯುವವರ ಬಗ್ಗೆ ಅವರ ಮನೆಗಳಲ್ಲಿ ಏನು ಮಾತಾಡುತ್ತಾರೆ ಎಂದು ಅವರು ಕೇಳಿದ್ದರು. ಆದರೆ ಈ ಹುಡುಗಿ ಮಾತ್ರ ತನ್ನ ಪಾಳಿ ಬಂದಾಗಲೆಲ್ಲ ಎದ್ದು ನಿಂತು ಸುಮ್ಮನಿರುತ್ತಿದ್ದಳು. ‘ಗೊತ್ತಿಲ್ಲ’ ಎಂದೂ ಅನ್ನುತ್ತಿರಲಿಲ್ಲ. ಕೊನೆಗೆ ನಾನೇ ಸಾಕಾಗಿ “ಕೂಡು” ಎನ್ನುತ್ತಿದ್ದೆ.

ಮರುದಿನ ನಾನಿರುವ ಬಾಗೇವಾಡಿಯಿಂದ ಶಾಲೆಗೆ ಬಸ್ಸಿನಲ್ಲಿ ಬರುವಾಗ ಹಾದಿಯುದ್ದಕ್ಕೂ ಸುಲಭದ ಪ್ರಶ್ನೆ ಹುಡುಕಿದೆ. ಗಿಡ ಆಹಾರ ತಯಾರಿಸುವುದು ಯಾವ ಭಾಗದಲ್ಲಿ? ಎಲೆ ಎಂದರೆ ಸಾಕು, ಬದುಕು ದಾರಿಗೆ ಬರುತ್ತದೆ. ಆದರೆ ಒಂದೇ ಶಬ್ದದ ಉತ್ತರವೆಂದರೆ ಸರಿ, ಇಲ್ಲವೇ ತಪ್ಪು. ಅವಳು ಹೆದರುತ್ತಿದ್ದದ್ದೇ ಅದಕ್ಕೆ ಎಂದು ನನ್ನ ಅನುಮಾನ. ಬಿಸಿಯೂಟದ ಹೊತ್ತಿನಲ್ಲಿ ಅವಳು ಸಣ್ಣ ಮಕ್ಕಳನ್ನು ಕೂಡಿಸಿಕೊಂಡು ಮಣ್ಣಿನಲ್ಲಿ ಕಾಲುವೆ ತೋಡಿ, ಕೈ ತೊಳೆದ ನೀರು ಹರಿಸಿ, ಏನೇನೋ ವಿವರಿಸುವುದನ್ನು ದೂರದಿಂದ ನೋಡಿದ್ದೆ. ಅಲ್ಲಿ ಅವಳಿಗೆ ಬಾಯಿ ಇತ್ತು. ಬಸ್ಸು ಇಳಿಯುವಾಗ ಎಲೆಯ ಪ್ರಶ್ನೆಯನ್ನು ಕೈಬಿಟ್ಟೆ.

ಅವಳ ತಂದೆ ಮೊದಲೇ ಬಂದು, ಟವೆಲ್ಲು ಮಡಿಲಲ್ಲಿಟ್ಟುಕೊಂಡು, ಮೊಣಕಾಲು ಹಿಡಿಸದ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೇರೆ ಮಕ್ಕಳ ಪಾಳಿ ಮುಗಿಯಿತು. ಒಬ್ಬ ಹುಡುಗ ನಿರಾಳವಾಗಿ “ಗೊತ್ತಿಲ್ರಿ, ತಿಳಕೊಂಡು ಹೇಳ್ತೇನ್ರಿ” ಎಂದಾಗ ಅವರು ಹುಬ್ಬೇರಿಸಿದರು. ಆಮೇಲೆ ಅವಳ ಹೆಸರು ಕರೆದೆ.

“ಪಾಳಿ ಎಲ್ಲಾರಿಗೂ ಅಷ್ಟ ಹೊತ್ತು. ಆದ್ರ ಕಾಲುವಿ ಕೊನೀ ಹೊಲಕ್ಕ ನೀರು ಕಡಿಮಿ ಸಿಗತೈತಿ. ಯಾಕ?”

ಅವರ ಹೊಲವೇ ಕೊನೆಯದು. ಅವಳು ಎದ್ದಳು. ಜಡೆಯ ರಿಬ್ಬನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಡುಗೆ ಕೋಣೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ಮುಂದಿನ ಬೆಂಚಿನಲ್ಲಿ ನಾವೆಲ್ಲ ಮಾತಿನ ಮಲ್ಲಿ ಎಂದು ಕರೆಯುವ ಹುಡುಗಿ, ತನ್ನ ಅಬ್ಬಾನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುವವಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒದ್ದಾಡುತ್ತಿದ್ದಳು. ನನ್ನ ಪಾಡೂ ಅದಕ್ಕಿಂತ ಬೇರೆಯಿರಲಿಲ್ಲ. ಒಂದು ಸುಳಿವು ಕೊಡಲೇ? ಪ್ರಶ್ನೆ ಬದಲಿಸಲೇ? ನಾಲಿಗೆ ಕಚ್ಚಿ ನಿಂತೆ. ನನ್ನ ಹಟಕ್ಕೆ ಒಂದು ಹುಡುಗಿಯ ಓದನ್ನು ಪಣಕ್ಕಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಹಿಂದಿನ ಬೆಂಚು ಕಿರುಗುಟ್ಟಿತು. ತಂದೆ ಎದ್ದು ನಿಂತು ಟವೆಲ್ಲು ಹೆಗಲಿಗೆ ಹಾಕಿದರು. “ಇರಲಿ ಬಿಡ್ರಿ ಅಕ್ಕೋರ, ನಾ ಮೊದಲ ಹೇಳಿದ್ನಲ್ಲ...”

“ಕಾಕಾ, ಆಕಿ ಪಾಳಿ ಐತ್ರಿ.”

ಮಾತಿನ ಮಲ್ಲಿ ಕೈ ತೆಗೆದು ಇಷ್ಟು ಹೇಳಿ ಮತ್ತೆ ಬಾಯಿ ಮುಚ್ಚಿಕೊಂಡಳು. ಅವರ ಮುಖ ಕಪ್ಪಿಟ್ಟಿತು. ಊರಲ್ಲಿ ಯಾರೂ ಅವರಿಗೆ ‘ನೀವು ಪಾಳಿ ಒಡೆದಿರಿ’ ಎಂದು ಹೇಳಿರಲಿಕ್ಕಿಲ್ಲ. ನಿಧಾನವಾಗಿ ಕೂತರು.

ಕಡೆಗೂ ಅವಳು ಶುರು ಮಾಡಿದಳು, ನೆಲ ನೋಡುತ್ತ. “ಮ್ಯಾಲಿನವ್ರು ತಮ್ಮ ಒಡ್ಡು ಮುಚ್ಚಿದ ಕೂಡ್ಲೆ ನಮ್ಮ ಪಾಳಿ ಸುರು ಅಂತಾರ್ರಿ. ಆದ್ರ ನೀರು ಅಲ್ಲಿರತೈತಿ. ನಮ್ಮ ಹೊಲದ ತನಕ ನಡಕೋತ ಬರಬೇಕು. ದಾರ್ಯಾಗ ಒಣಾ ಮಣ್ಣು ಕುಡೀತೈತಿ, ಏಡಿ ತೂತಿನ್ಯಾಗ ಹೋಗತೈತಿ. ಬಂದು ಮುಟ್ಟೂದ್ರಾಗ ನಮ್ಮ ಹೊತ್ತು ಮುಗದಿರತೈತ್ರಿ.”

ನಾನು ತಂದೆಯ ಕಡೆ ತಿರುಗಿದೆ. “ಸರಿ ಐತೇನ್ರಿ? ಹೊಲ ನಿಮ್ದು, ನೀವ ಹೇಳ್ರಿ.”

“ಸರಿ ಐತ್ರಿ” ಎಂದರು. ದನಿ ಸಣ್ಣಗಾಗಿತ್ತು.

ಕರಾರು ಅಲ್ಲಿಗೆ ಮುಗಿದಿತ್ತು. ಆದರೆ ಅವಳು ಕೂರಲಿಲ್ಲ. ಮೊದಲ ಸಲ ತಲೆಯೆತ್ತಿ, ನನ್ನನ್ನಲ್ಲ, ಹಿಂದಿನ ಬೆಂಚನ್ನು ನೋಡಿದಳು.

“ನೀರು ನಡದು ಬರೂ ಹೊತ್ತನ್ನ ನಮ್ಮ ಪಾಳ್ಯಾಗ ಯಾಕ ಹಿಡೀತಾರ ಅಪ್ಪಾ?”

ಪ್ರಶ್ನೆಯೂ ನೀರಿನಂತೆ ನಡೆದು ಅವಳನ್ನು ಮುಟ್ಟುವ ಮೊದಲೇ ನಾನು ಎಷ್ಟು ಸಲ “ಕೂಡು” ಎಂದಿದ್ದೆ.

ಈಗ ಪಾಳಿ ತಂದೆಯದು. ಮಕ್ಕಳೆಲ್ಲ ಹಿಂದೆ ತಿರುಗಿ, ರೂಢಿಯಂತೆ ತುಟಿ ಹೊಲಿದುಕೊಂಡು ಅವರನ್ನೇ ನೋಡುತ್ತ ಕೂತರು. ಅವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಕಿಟಕಿ ನೋಡಿದರು. ಯಾರೂ ಅವರ ನೆರವಿಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ.

“ನಂಗ ಗೊತ್ತಿಲ್ಲವ್ವಾ” ಎಂದರು ಕೊನೆಗೆ. “ಯಾರನ್ನೂ ಕೇಳಿದ್ದಿಲ್ಲ. ನೀನ ಕಲತ ಬಂದು ಹೇಳು.” ಆಮೇಲೆ ನನ್ನ ಕಡೆ ನೋಡಿದರು. “ಹೈಸ್ಕೂಲಿಗೆ ಹೆಸರು ಹಚ್ಚಾಕ ಯಾವಾಗ ಹೋಗಬೇಕ್ರಿ ಅಕ್ಕೋರ?”

ಉತ್ತರ ನನಗೆ ಗೊತ್ತಿತ್ತು. ಆದರೆ ಯಾವಾಗಲೂ ಮುಂದೆ ಓಡುವ ನನ್ನ ನಾಲಿಗೆ ಈ ಸಲ ಹಿಂದೆ ಉಳಿಯಿತು. ಮಕ್ಕಳು ನನ್ನ ಕಡೆ ತಿರುಗಿದರು, ಒಬ್ಬರೂ ಪಿಟಿಕ್ಕೆನ್ನದೆ, ನಾನು ಬಾಯಿ ತೆರೆಯುವತನಕ ಕಾದರು.