ನನಗೇ ಅಂತ ಒಂದು ಸ್ವೆಟರ್

ನಮ್ಮ ಮನೆಯವರಿಗೆ ಉಲ್ಲನ್ ಕಣ್ಣಿಗೆ ಬಿದ್ದರೆ ಮೊದಲು ನೆನಪಾಗುವುದು ಬೀನ್ಸ್ ಬಳ್ಳಿ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ತೋಟಕ್ಕಿಳಿದೆ. ಮೇಲಿನ ಪಾತಿಯಲ್ಲಿ ಬಳ್ಳಿಗಳನ್ನೆಲ್ಲ ಬಿದಿರು ಕಡ್ಡಿಗಳಿಗೆ ನೀಟಾಗಿ ಕಟ್ಟಲಾಗಿತ್ತು. ಕಟ್ಟಿದ್ದು ಬದನೆಕಾಯಿ ಬಣ್ಣದ ಉಲ್ಲನ್ನಿನಿಂದ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಪೇಟೆಗೆ ಹಬ್ಬದ ಸಾಮಾನಿಗೆಂದು ಹೋದಾಗ, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿ ನೋಡಿ, ನಾನು ಆರಿಸಿ ತಂದ ಉಲ್ಲನ್ ಅದು.

"ರೀ, ಅದು ದಾರ ಅಲ್ಲ," ಎಂದೆ.

"ಮೆತ್ತಗಿದೆ, ಒಳ್ಳೇದಾಯ್ತು," ಎಂದರು ನನ್ನ ಗಂಡ. "ಪ್ಲಾಸ್ಟಿಕ್ ದಾರ ಕಟ್ಟಿದ್ರೆ ಬಳ್ಳಿ ಕುಯ್ದು ಹೋಗತ್ತೆ, ಪಾಪ."

ಬಳ್ಳಿಯ ಮೇಲೆ ಇಷ್ಟು ಕರುಣೆ ಇರುವ ಮನುಷ್ಯನ ಜೊತೆ ಜಗಳವಾಡುವುದು ಕಷ್ಟ. ಆದರೂ ಆಡಿದೆ. ಅವರು ಹೂಂ ಹೂಂ ಎನ್ನುತ್ತ ಇನ್ನೆರಡು ಬಳ್ಳಿ ಕಟ್ಟಿದರು.

ಈ ತೋಟವೂ ಅವರ ಹುಚ್ಚೇ. ಸೈಬರ್‌ಜಯಾದ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಮನೆಯಲ್ಲೇ ಕೂತು ಕೆಲಸ ಮಾಡಬಹುದು ಎಂದು ಕಂಪನಿ ಹೇಳಿದ್ದೇ ತಡ, ಪೆಟಾಲಿಂಗ್ ಜಯಾದ ಫ್ಲ್ಯಾಟ್ ಖಾಲಿ ಮಾಡಿಸಿ, ಕ್ಯಾಮರಾನ್ ಹೈಲ್ಯಾಂಡ್ಸ್‌ನ ಈ ಬೆಟ್ಟದ ಇಳಿಜಾರಿಗೆ ನಮ್ಮನ್ನೆಲ್ಲ ತಂದು ಹಾಕಿದರು. ಜಮೀನು ಪಕ್ಕದ ಮನೆಯ ತಮಿಳು ಅಕ್ಕನದು, ದುಡಿಮೆಯಲ್ಲಿ ಪಾಲು ನಮ್ಮದು. ಬೀನ್ಸ್, ಕೋಸು, ಪ್ಲಾಸ್ಟಿಕ್ ಸೂರಿನ ಕೆಳಗೆ ಟೊಮೇಟೊ, ಹಿತ್ತಲಲ್ಲಿ ಒಂದಷ್ಟು ಕೋಳಿ. ಗಂಡ ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿ ಕೂತಿದ್ದಾಗ ಕೋಳಿಗಳು ಯಾರ ಪಾಲಿಗೆ ಬರುತ್ತವೆ ಎಂದು ಬೇರೆ ಹೇಳಬೇಕಾಗಿಲ್ಲ. ಮನೆಯಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬಳು ಮಗಳು, ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಇನ್ನೊಬ್ಬರು ನನ್ನ ಅತ್ತೆ. ಮೈಸೂರಿನವರು. ಅವರ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಬೆಳಗಿನ ಹೊತ್ತು ಒಳ್ಳೇ ಚಳಿ. ಆ ಚಳಿಗೆ ನಾನು ಹಾಕಿಕೊಳ್ಳುತ್ತಿದ್ದದ್ದು ಗಂಡನ ಕಂಪನಿಯವರು ಯಾವುದೋ ವರ್ಷ ಎಲ್ಲರಿಗೂ ಹಂಚಿದ ಜಾಕೆಟ್ಟು. ಎದೆಯ ಮೇಲೆ ಕಂಪನಿಯ ಹೆಸರು, ಕೆಟ್ಟು ಹೋದ ಜಿಪ್ಪು, ಬೆರಳು ಮುಚ್ಚುವಷ್ಟು ಉದ್ದದ ತೋಳು. ಆ ತೋಳು ಪಾತ್ರೆ ತೊಳೆಯುವಾಗ ನೀರಿಗೆ ಬೀಳುತ್ತಿತ್ತು, ಗೊಬ್ಬರ ಹಾಕುವಾಗ ಗೊಬ್ಬರಕ್ಕೆ ಬೀಳುತ್ತಿತ್ತು. ಒಂದು ದಿನ ಸಾರಿನ ಪಾತ್ರೆಯಲ್ಲೂ ಅದ್ದಿತು. ಅವತ್ತೇ ತೀರ್ಮಾನ ಮಾಡಿದೆ. ನನ್ನ ಮೈಗೆ ಸರಿಯಾಗಿ, ನನ್ನ ಕೈಯಾರೆ, ನನಗೊಂದು ಸ್ವೆಟರ್ ಹೆಣೆದುಕೊಳ್ಳಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಹೆಣಿಗೆ ನನಗೆ ಹೊಸದಲ್ಲ. ಕೆಳಗೆ ಪೆಟಾಲಿಂಗ್ ಜಯಾದಲ್ಲಿ ಇದ್ದಾಗ ಗಂಡನ ಸ್ನೇಹಿತರ ಮನೆಗಳಲ್ಲಿ ಮಗು ಹುಟ್ಟಿತೆಂದರೆ ನಾನು ಕುಲಾವಿ, ಕಾಲುಚೀಲ, ಪುಟಾಣಿ ಸ್ವೆಟರ್ ಹೆಣೆದುಕೊಡಬೇಕು. ಕಾರಿನಿಂದ ಲಿಫ್ಟಿಗೆ ನಡೆಯುವುದರೊಳಗೆ ಬೆವರು ಇಳಿಯುವ ಊರಿನಲ್ಲಿ ಆ ಮಕ್ಕಳು ಅದನ್ನು ಒಮ್ಮೆ ತೊಟ್ಟು, ಫೋಟೋ ಹೊಡೆಸಿಕೊಂಡು, ಕೆಂಪಗಾಗಿ ಅಳುತ್ತಿದ್ದವು. ಆಮೇಲೆ ಆಫೀಸಿನ ಎಸಿಗೆ ನಡುಗುವ ಹೆಂಗಸರಿಗೆ ಶಾಲುಗಳು. ಹೀಗೆ ಊರಿಗೆಲ್ಲ ಹೆಣೆದ ಕೈ ನನಗಾಗಿ ಕಡ್ಡಿ ಹಿಡಿದದ್ದು ಇದೇ ಮೊದಲು. ಅದಕ್ಕೇ ಇರಬೇಕು, ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ.

"ಕಲರ್ ನನಗೆ ಸ್ವಲ್ಪ ಜಾಸ್ತಿ ಆಯ್ತೇನೋ," ಎಂದರು ಗಂಡ, ಕೇಳದೆಯೇ. "ಪರವಾಗಿಲ್ಲ ಬಿಡು, ಮನೇಲಿ ಹಾಕ್ಕೋತೀನಿ."

"ಕ್ಯಾನ್ ಇಟ್ ಹ್ಯಾವ್ ಎ ಹುಡ್?" ಎಂದಳು ಮಗಳು.

"ಇದು ನನಗೆ," ಎಂದು ಇಬ್ಬರಿಗೂ ಹೇಳಿದೆ. ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರೋ ಏನೋ. ಪಕ್ಕದ ಅಕ್ಕ ಬಂದು ಮುಟ್ಟಿ ನೋಡಿ, ನಿನ್ನ ಗಂಡನಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ತಮಿಳಿನಲ್ಲಿ ಆಶೀರ್ವಾದ ಮಾಡಿ ಹೋದರು.

ಹೆಣೆಯಲು ಬಿಟ್ಟರಲ್ಲವೇ ಹೆಣೆಯುವುದು. ಕೂತು ಒಂದು ಸಾಲು ಮುಗಿಸುವುದರೊಳಗೆ ಕೋಳಿ ಬೇಲಿ ದಾಟಿರುತ್ತದೆ. ಎರಡನೆಯ ಸಾಲಿಗೆ ಮಗಳಿಗೆ ಹಸಿವು. ಮೂರನೆಯ ಸಾಲಿಗೆ ಕಡ್ಡಿಯೇ ಇಲ್ಲ. ಹುಡುಕಿಕೊಂಡು ಹೋದರೆ ಗಂಡ ಟೊಮೇಟೊ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹನಿ ನೀರಾವರಿಯ ಪೈಪಿನ ಕಟ್ಟಿಕೊಂಡ ತೂತುಗಳಿಗೆ ನನ್ನ ಹೆಣಿಗೆ ಕಡ್ಡಿ ಚುಚ್ಚುತ್ತಿದ್ದರು.

"ಇದಕ್ಕೆ ಅಂತಲೇ ಮಾಡಿದ ಹಾಗಿದೆ," ಎಂದು ಮೆಚ್ಚಿಕೊಂಡರು.

ಕೈಯಲ್ಲಿದ್ದ ಇನ್ನೊಂದು ಕಡ್ಡಿಯಿಂದ ಏನು ಮಾಡಬೇಕೆನ್ನಿಸಿತು ಎಂದು ಇಲ್ಲಿ ಬರೆಯುವುದು ಬೇಡ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅತ್ತೆಯ ಸಹಾಯ. ಅತ್ತೆಯ ಹೆಣಿಗೆಯೆಂದರೆ ಮೈಸೂರಿನ ಅವರ ಬೀದಿಗೆಲ್ಲ ಹೆಸರು. ಫೋನಿನಲ್ಲಿ ಧಾರಾವಾಹಿ ನೋಡುತ್ತ, ಬೆರಳಿನ ಕಡೆ ಕಣ್ಣೇ ಹಾಯಿಸದೆ ಹೆಣೆಯುತ್ತಾರೆ. ಮನುಷ್ಯರನ್ನು ಒಮ್ಮೆ ನೋಡಿದರೆ ಸಾಕು, ಎದೆ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುತ್ತಾರೆ. ಗಂಡನಿಗೆ, ಮೈದುನರಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ, ಎದುರು ಮನೆಯ ಬಾಣಂತಿಯ ಮಗುವಿಗೆ, ಅವರು ಹೆಣೆಯದ ಮೈಯಿಲ್ಲ. ಅವರದು ಬಿಗಿ ಕೈ, ನನ್ನದು ಸಡಿಲ. ನಾನು ಕೋಳಿಗೆ ಕಾಳು ಹಾಕಿ ಬರುವಷ್ಟರಲ್ಲಿ ನನ್ನ ಹೆಣಿಗೆ ನಾಲ್ಕು ಬೆರಳು ಬೆಳೆದಿರುತ್ತಿತ್ತು. ಬೆಳೆದಷ್ಟು ಜಾಗ ಬೆಲ್ಟು ಕಟ್ಟಿದ ಹಾಗೆ ಒಳಕ್ಕೆ ಸೆಳೆದುಕೊಂಡಿರುತ್ತಿತ್ತು.

"ಅತ್ತೆ, ನೀವು ಹೆಣೆದ್ರಾ?"

"ಸುಮ್ನೆ ಕೂತಿದ್ನಲ್ಲ ಅಂತ ನಾಲ್ಕು ಸಾಲು ಹಾಕ್ದೆ ಕಣೇ. ನೀನು ಹೆಣೆದ್ರೆ ಜರಡಿ ಥರ ಇರತ್ತೆ, ಗಾಳಿಯೆಲ್ಲ ಒಳಗೆ."

ನಾನು ಹಲ್ಲು ಕಚ್ಚಿಕೊಂಡು ಅವರ ಸಾಲುಗಳನ್ನು ಬಿಚ್ಚುತ್ತಿದ್ದೆ. ಮಾರನೆಯ ದಿನ ಅವರು ಬಾಯಿ ಬಿಡದೆ ನನ್ನ ಸಾಲುಗಳನ್ನು ಬಿಚ್ಚಿ ಮತ್ತೆ ಹೆಣೆದಿರುತ್ತಿದ್ದರು. ಬುಟ್ಟಿಯನ್ನು ಬೀರುವಿನ ಮೇಲೆ ಇಟ್ಟೆ; ಸ್ಟೂಲು ಹತ್ತಿ ಇಳಿಸಿಕೊಂಡರು. ಈ ವಯಸ್ಸಿನಲ್ಲಿ ಬಿದ್ದರೆ ಗತಿಯೇನು ಎಂದು ಹೆದರಿ ನಾನೇ ಮತ್ತೆ ಕೆಳಗಿಟ್ಟೆ. ಮಗಳ ಹತ್ತಿರ ಹೇಳಿಕೊಂಡರೆ, "ಅಜ್ಜಿ ಈಸ್ ಜಸ್ಟ್ ಹೆಲ್ಪಿಂಗ್ ಲಾ," ಎಂದು ಇಲ್ಲಿಯವರ ಥರ ಕೊನೆಗೊಂದು ಲಾ ಎಳೆದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹೀಗೆ ಇಬ್ಬರು ಹೆಂಗಸರು ದಿನವಿಡೀ ಹೆಣೆದರೂ ಸ್ವೆಟರ್ ಮಾತ್ರ ಇದ್ದಲ್ಲೇ ಇತ್ತು.

ಹೇಗೋ ಹಟ ಹಿಡಿದು ಹಿಂಭಾಗ ಮುಗಿಸಿದೆ. ಮುಂಭಾಗ ಕಂಕುಳಿನವರೆಗೆ ಬಂತು. ಅವತ್ತು ಬೀನ್ಸ್ ಪೆಟ್ಟಿಗೆಗಳನ್ನು ಪೇಟೆಗೆ ಹಾಕಿ, ಅಡುಗೆ ಮಾಡುವ ಉಸಾಬರಿಯೇ ಬೇಡವೆಂದು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಎಲ್ಲರಿಗೂ ರೋಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು, ಮಧ್ಯಾಹ್ನವೆಲ್ಲ ಕೂತು ಹೆಣೆಯುವ ಖುಷಿಯಲ್ಲಿ ಮನೆಗೆ ಬಂದೆ. ಅತ್ತೆ ಜಗುಲಿಯಲ್ಲಿ ಕೂತಿದ್ದರು. ಮಡಿಲಲ್ಲಿ ತೆಂಗಿನಕಾಯಿ ಗಾತ್ರದ ಉಲ್ಲನ್ ಉಂಡೆ. ಕಡ್ಡಿಯ ಮೇಲೆ ಹೊಸದಾಗಿ ಎತ್ತಿದ ಕುಣಿಕೆಗಳು, ಕಡ್ಡಿಯ ಈ ತುದಿಯಿಂದ ಆ ತುದಿಯವರೆಗೆ. ಮುಂಭಾಗ ಇರಲಿಲ್ಲ.

"ನಿನ್ನ ಅಂದಾಜು ತಪ್ಪಿತ್ತು ಕಣೇ," ಎಂದರು ಸಮಾಧಾನವಾಗಿ. "ಅವನ ಎದೆಗೆ ಅದು ಎಲ್ಲಿ ಸಾಲತ್ತೆ? ಬಿಚ್ಚಿ ಅಗಲ ಮಾಡ್ತಿದೀನಿ. ಹಿಂದ್ಗಡೆದೂ ಬಿಚ್ಚಬೇಕು."

"ಅದು ಅವರಿಗಲ್ಲ ಅತ್ತೆ."

"ಮತ್ಯಾರಿಗೆ? ಮಗುಗೆ ದೊಡ್ಡದಾಗತ್ತೆ."

"ನನಗೆ. ನನಗೆ ಅಂತ ಎಷ್ಟು ಸಲ ಹೇಳಿದೀನಿ ಈ ಮನೇಲಿ."

ಅತ್ತೆ ಕಡ್ಡಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅರ್ಥವಾಗಿರಲಿಲ್ಲ.

"ತನಗೆ ತಾನೇ ಯಾರಾದ್ರೂ ಹೆಣ್ಕೋತಾರೇನೇ? ಬೇಕಿದ್ರೆ ನನ್ನ ಕೇಳಿದ್ರೆ ನಾನೇ ಹೆಣೆದು ಕೊಡ್ತಿರ್ಲಿಲ್ವಾ?"

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಬೇರೆ ಯಾರನ್ನ ಕೇಳಿ ಹೆಣೆದ್ರಿ ನೀವು? ಕೇಳದೇನೇ ಎಲ್ಲರಿಗೂ ಹೆಣೆದ್ರಿ. ಎದುರು ಮನೆ ಮಗುಗೂ ಹೆಣೆದ್ರಿ. ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನನಗೆ ಒಂದು ಕಾಲುಚೀಲ ಹೆಣೆದಿದೀರಾ? ಈಗ ನಾನು ಹೆಣ್ಕೊಂಡಿದ್ದನ್ನೂ ಬಿಚ್ಚಿ ಮಗನಿಗೆ ಮಾಡಿ."

ಗಂಟಲು ಎಷ್ಟು ಏರಿತ್ತೋ ನನಗೇ ತಿಳಿಯಲಿಲ್ಲ. ಒಳಗಿನಿಂದ ಗಂಡ ಗಾಬರಿಯಾಗಿ ಓಡಿ ಬಂದರು. "ಏ, ಮೆಲ್ಲಗೆ. ಮೈಕ್ ಆನ್ ಇತ್ತು, ಮೀಟಿಂಗಲ್ಲಿ ಎಲ್ಲರಿಗೂ ಕೇಳಿಸ್ತು," ಎಂದರು.

"ಕೇಳ್ಲಿ ಬಿಡಿ," ಎಂದು ರೋಟಿಯ ಪೊಟ್ಟಣಗಳನ್ನು ಅವರ ಕೈಗೆ ತುರುಕಿ ಕೋಳಿಗೂಡಿನ ಹತ್ತಿರ ಹೋಗಿ ಕೂತೆ. ಅತ್ತರೆ ಅವರು ಗೆದ್ದ ಹಾಗೆ ಎಂದು ಅಳುವುದನ್ನು ತಡೆದುಕೊಂಡೆ. ಪೂರ್ತಿ ಆಗಲಿಲ್ಲ.

ಮರುದಿನದಿಂದ ಅತ್ತೆ ನನ್ನ ಬುಟ್ಟಿ ಮುಟ್ಟಲಿಲ್ಲ. ಇಷ್ಟು ದಿನ ಬೇಡಿಕೊಂಡದ್ದು ಅದನ್ನೇ; ಸಿಕ್ಕಿದ ಮೇಲೆ ಅದೂ ಕಿರಿಕಿರಿ. ಕೈ ಮಡಿಲಲ್ಲಿಟ್ಟುಕೊಂಡು, ಧಾರಾವಾಹಿ ನೋಡುವವರ ಹಾಗೆ ಕೂತು, ಓರೆಗಣ್ಣಲ್ಲಿ ನನ್ನ ಕಡ್ಡಿಯನ್ನೇ ನೋಡುತ್ತಿದ್ದರು. ಮುಂಭಾಗವನ್ನು ಮತ್ತೆ ಮೊದಲಿಂದ ಹೆಣೆದು ಬಂದು, ಕುತ್ತಿಗೆಯ ಹತ್ತಿರ ಕುಣಿಕೆ ಕಮ್ಮಿ ಮಾಡುವಾಗ ನಾನು ತಪ್ಪಿದೆ. ತಪ್ಪಿದ್ದು ಅವರಿಗೆ ಗೊತ್ತಾಯಿತು, ಗೊತ್ತಾಗಿದ್ದು ನನಗೂ ಗೊತ್ತಾಯಿತು. ಕೊನೆಗೆ ನಾನೇ ಸೋತು ಕೇಳಿದೆ.

"ಇಲ್ಲಿ ಹೇಗೆ ಮಾಡೋದು ಅತ್ತೆ?"

"ನಂಗೇನಮ್ಮ ಗೊತ್ತು," ಎಂದು ಫೋನಿನ ಸೌಂಡು ಜಾಸ್ತಿ ಮಾಡಿಕೊಂಡರು.

ಆ ಕೋಪದಲ್ಲೇ ಮುಗಿಸಿದೆ ನೋಡಿ. ಕುತ್ತಿಗೆಯನ್ನು ಹತ್ತಾರು ಸಲ ಬಿಚ್ಚಿ ಹೆಣೆದೆ. ತೋಳುಗಳನ್ನು ಸರಿಯಾಗಿ ಮಣಿಕಟ್ಟಿಗೆ ನಿಲ್ಲಿಸಿದೆ. ಒಂದು ಚಳಿಯ ಬೆಳಿಗ್ಗೆ ತೊಟ್ಟುಕೊಂಡು ಅಡುಗೆಮನೆಗೆ ಬಂದೆ. ಮೈಗೆ ಹಿತವಾಗಿತ್ತು. ಎಷ್ಟು ಹಿತವೆಂದರೆ, ಪಾತ್ರೆ ತೊಳೆಯುವಾಗ ಒದ್ದೆಯಾಗದ ತೋಳು ನೋಡಿ ನನ್ನಷ್ಟಕ್ಕೆ ನಕ್ಕೆ.

"ಚೆನ್ನಾಗಿದ್ಯಲ್ಲ," ಎಂದರು ಗಂಡ. "ಆನ್‌ಲೈನಲ್ಲಿ ತರಿಸಿದ್ಯಾ?"

ಇಷ್ಟು ತಿಂಗಳು ಅವರ ಕಣ್ಣೆದುರೇ ಹೆಣೆದಿದ್ದೇನೆ. ಅವರದೇ ಬಳ್ಳಿಗಳ ಮೇಲೆ ಅದೇ ಬಣ್ಣದ ಉಲ್ಲನ್ ಇದೆ. ತಲೆಯ ಮೇಲೆ ಕೈ ಹೊತ್ತುಕೊಂಡೆ. ಮಗಳು ಗಮನಿಸಿದಳು, ಸುಳ್ಳು ಹೇಳಬಾರದು. "ನೈಸ್, ಅಮ್ಮಾ. ಕ್ಯಾನ್ ಐ ಬಾರೋ?" ಎಂದಳು.

ಇಬ್ಬರೂ ಅವರವರ ಕೆಲಸಕ್ಕೆ ಹೋದ ಮೇಲೆ ಅತ್ತೆ ಒಳಗೆ ಬಂದರು. ಮಗ ಕಾಲೇಜಿಗೆ ಹೋಗುವಾಗ ತಾವೇ ಹೆಣೆದುಕೊಟ್ಟ ಸ್ವೆಟರ್ ಸೀರೆಯ ಮೇಲೆ ತೊಟ್ಟಿದ್ದರು. ಅದರ ಮೊಣಕೈಗೆ ಎರಡು ಕಡೆ ತೇಪೆ. ನನ್ನ ತೋಳು ಎಳೆದು ನೋಡಿದರು, ಅಂಚು ಮಗುಚಿ ನೋಡಿದರು, ಬೆನ್ನಿನ ಹಿಂದೆ ಹೋಗಿ ನಿಂತರು.

"ಕಂಕುಳಲ್ಲಿ ಸ್ವಲ್ಪ ಹಿಡಿಯತ್ತೆ," ಎಂದರು.

"ನನಗೇನೂ ಹಿಡೀತಿಲ್ಲ."

"ಹೂಂ." ಅಂಚನ್ನು ಮತ್ತೊಮ್ಮೆ ಎಳೆದು ಬಿಟ್ಟು, "ಮಿಕ್ಕಿದ ಉಲ್ಲನ್ ಏನ್ ಮಾಡ್ತೀಯ?" ಎಂದರು.

ಮತ್ತೆ ಮಗನಿಗೆ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿ ತಿರುಗಿದೆ. ಅತ್ತೆ ಒಲೆಯ ಕಡೆ ನೋಡುತ್ತಿದ್ದರು.

"ನನಗೂ ಒಂದು ಹೆಣ್ಕೊಳ್ಳೋಣ ಅಂತ. ತೋಳಿಲ್ಲದ್ದು ಸಾಕು."

"ಮಾಡ್ಕೊಳ್ಳಿ. ಸಾಲದಿದ್ರೆ ಇನ್ನೂ ತರಿಸೋಣ. ನಿಮ್ಮ ಅಳತೆ ಎಷ್ಟು?" ಎಂದೆ.

ಎದುರು ಮನೆಯ ಕೂಸಿನ ತಲೆ ಎಷ್ಟು ದಪ್ಪ ಎಂದು ಇವತ್ತಿಗೂ ಹೇಳಬಲ್ಲ ಹೆಂಗಸು ಸೆರಗಿನ ತುದಿ ತಿರುಚುತ್ತ ನಿಂತರು.

"ನನ್ನ ಅಳತೆ ನಂಗೆಲ್ಲಿ ಗೊತ್ತು," ಎಂದರು.

ಟೇಪು ತಂದೆ. ಕೈ ಎತ್ತಿ ಎಂದೆ. ಶಾಲೆಯಲ್ಲಿ ಯೂನಿಫಾರ್ಮಿಗೆ ಅಳತೆ ಕೊಡುವ ಹುಡುಗಿಯ ಹಾಗೆ ಎರಡೂ ಕೈ ಎತ್ತಿ ನೇರ ನಿಂತರು. ನಾನು ಅವರ ಬೆನ್ನು ಬಳಸಿ ಟೇಪು ಸುತ್ತಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅವರಿಗೆ ಇಷ್ಟು ಹತ್ತಿರ ನಿಂತದ್ದಿಲ್ಲ. ನನ್ನ ಜೊತೆ ಜಗಳವಾಡುವಾಗ ಎಷ್ಟು ದೊಡ್ಡವರಾಗಿ ಕಾಣುತ್ತಿದ್ದರು. ಟೇಪಿನೊಳಗೆ ಇಷ್ಟೇ ಇಷ್ಟು ಇದ್ದರು.

"ಒಂದಿಂಚು ಕಮ್ಮಿನೇ ಇಟ್ಕೋ," ಎಂದರು ಮೆಲ್ಲಗೆ. "ನನಗೆ ಅಷ್ಟೆಲ್ಲ ಯಾಕೆ. ಉಲ್ಲನ್ ಉಳಿಯತ್ತೆ, ಮಗುಗೆ ಏನಾದ್ರೂ ಆಗತ್ತೆ."

ಇಳಿದಿದ್ದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಸುಮ್ನೆ ನಿಂತ್ಕೊಳ್ಳಿ ಅತ್ತೆ," ಎಂದು ಗದರಿ, ಎರಡಿಂಚು ಜಾಸ್ತಿಯೇ ಇಟ್ಟುಕೊಂಡೆ.